ಬಾಸೆಲ್ ಪಟ್ಟಣದ ಕೆಂಪು ದೇವಾಲಯ

ನಾನು ಚಿಕ್ಕ ಹುಡುಗಿಯಾಗಿ ಮಿಶನ್ ಬೋರ್ಡಿಂಗಿನಲ್ಲಿದ್ದಾಗ ನಮ್ಮ ಊಟದ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಚಿತ್ರವು ತೂಗುತ್ತಿತ್ತು. ಮುಗಿಲಿಗೆ ಚುಚ್ಚುವಂಥ ಎರಡು ಗೋಪುರಗಳು, ಇಟ್ಟಿಗೆಗಿಂತಲೂ ಕೆಂಪಾದ ಗೋಡೆಗಳು, ಕೆಳಗೆ ತುಂಬಿ ಹರಿಯುವ ಹೊಳೆ. ಅದು ಯೆರೂಸಲೇಮ್ ಪಟ್ಟಣವೆಂದು ಕೆಲವರೂ ಪರಲೋಕದ ಬಾಗಿಲೆಂದು ಕೆಲವರೂ ವಾದಿಸುತ್ತಿದ್ದೆವು. ಒಂದು ದಿನ ಮೇಟ್ರನ್ ಅಮ್ಮನವರು ನಮ್ಮ ಜಗಳವನ್ನು ಕೇಳಿ ನಕ್ಕು, “ಅದು ಬಾಸೆಲ್” ಎಂದು ಹೇಳಿದರು. ಆಗ ನಮ್ಮ ಗಲಿಬಿಲಿಯು ಇಮ್ಮಡಿಯಾಯಿತು; ಬಾಸೆಲ್ ಎಂಬದು ಒಬ್ಬ ದೊರೆಯ ಹೆಸರೆಂದು ನಾವೆಲ್ಲರೂ ನಂಬಿದ್ದೆವು. ಇದನ್ನು ಇಲ್ಲಿ ಬರೆಯುವದಕ್ಕೆ ಕಾರಣವುಂಟು. ಕಳೆದ ವರ್ಷ ನಾನು ಏಳನೆಯ ತರಗತಿಯಲ್ಲಿ “ಬಾಸೆಲ್ ಯಾರು?” ಎಂದು ಬೇಕೆಂದೇ ತಪ್ಪಾಗಿ ಕೇಳಿದಾಗ ಆರು ಮಂದಿ ಹುಡುಗಿಯರು ಕೈಯೆತ್ತಿದರು. ಮೊದಲನೆಯವಳು, “ನಮ್ಮ ನಾಡಿಗೆ ಬಂದ ಮೊದಲನೆಯ ಮಿಶನರಿ” ಎಂದು ಉತ್ತರ ಕೊಟ್ಟಳು. ನೂರಾರು ಸಾರಿ ಬಾಯಲ್ಲಿ ಆಡುವ ಹೆಸರಿನ ಅರ್ಥವನ್ನು ತಿಳಿಯದೆ ಶಾಲೆಯನ್ನು ಬಿಟ್ಟುಹೋಗುವದು ಒಳ್ಳೆಯದಲ್ಲ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಆ ಪಟ್ಟಣದ ಮುಖ್ಯ ದೇವಾಲಯದ ಚರಿತ್ರೆಯನ್ನೂ ಕಟ್ಟಡವನ್ನೂ ಕುರಿತು ಬರೆಯಲು ಮನಸ್ಸು ಮಾಡಿದೆನು. ನಾನು ಅದನ್ನು ಕಣ್ಣಾರೆ ಕಂಡವಳಲ್ಲ. ಬಹುಕಾಲದಿಂದ ಕೂಡಿಸಿಟ್ಟ ಚಿತ್ರಗಳಿಂದಲೂ ಪುಸ್ತಕಗಳಿಂದಲೂ ತಿಳಿದದ್ದನ್ನು ಹೇಳುತ್ತೇನೆ.

ಬಾಸೆಲ್ ಎಂಬದು ಸ್ವಿಟ್ಜರ್ಲೆಂಡ್ ದೇಶದ ಒಂದು ಪಟ್ಟಣ. ರೈನ್ ಎಂಬ ಮಹಾನದಿಯು ಪಡುವಣಕ್ಕೆ ಹರಿಯುತ್ತ ಬಂದು ಇಲ್ಲಿ ಬಡಗಣಕ್ಕೆ ತಿರುಗುತ್ತದೆ. ಒಂದು ಕಡೆ ಫ್ರಾನ್ಸ್ ದೇಶದ ಮೇರೆ, ಇನ್ನೊಂದು ಕಡೆ ಜರ್ಮನಿಯ ಮೇರೆ. ನದಿಯ ತಿರುವಿನಲ್ಲಿ ಎದ್ದು ನಿಂತಿರುವ ಗುಡ್ಡದ ಮೇಲೆ ಪೂರ್ವಕಾಲದಲ್ಲಿ ಕೆಲ್ಟ್ ಜನರ ಊರಿತ್ತು, ಬಳಿಕ ರೋಮನರ ಕೋಟೆಯಾಯಿತು, ತರುವಾಯ ದೇವಾಲಯವಾಯಿತು. ಜನರು ಅದನ್ನು ‘ಮ್ಯುನ್‌ಸ್ಟರ್’ ಎಂದು ಕರೆಯುತ್ತಾರೆ. ಆ ಶಬ್ದವು ಸನ್ಯಾಸಿಗಳ ಮಠವೆಂಬರ್ಥದ ಲತೀನ್ ಮಾತಿನಿಂದ ಹುಟ್ಟಿದ್ದರೂ ಇದು ಮಠವಾಗಿರಲಿಲ್ಲ; ಬಿಷಪನ ಪೀಠವಿದ್ದ ದೇವಾಲಯವಾಗಿತ್ತು. ಅದರ ಬೆನ್ನಿಗೆ ನದಿಯಿಂದ ಸುಮಾರು 60 ಅಡಿ ಎತ್ತರದಲ್ಲಿ ಒಂದು ಜಗಲಿಯುಂಟು. ಅಲ್ಲಿ ನಿಂತವರಿಗೆ ಕೆಳಗೆ ರೈನ್ ನದಿಯೂ ಆಚೆಗೆ ಜರ್ಮನಿಯ ಕರಿಕಾಡಿನ ಬೆಟ್ಟಗಳೂ ಕಾಣುತ್ತವೆ.

ಆ ಸ್ಥಳದಲ್ಲಿ ದೊಡ್ಡ ದೇವಾಲಯವನ್ನು ಮೊದಲು ಕಟ್ಟಿಸಿದವನು 9ನೆಯ ಶತಮಾನದ ಆರಂಭದಲ್ಲಿದ್ದ ಹೈಟೋ ಎಂಬ ಬಿಷಪನು. 917ರಲ್ಲಿ ಹಂಗೇರಿಯ ಕುದುರೆ ದಂಡುಗಳು ಪಟ್ಟಣವನ್ನು ಸೂರೆಮಾಡಿದವು. ಆಗಿನ ಬಿಷಪ್ ರೂಡಾಲ್ಫನು ಕೊಲ್ಲಲ್ಪಟ್ಟನು. ಅವನ ಕಲ್ಲಿನ ಶವಪೆಟ್ಟಿಗೆಯು ಇಂದಿಗೂ ದೇವಾಲಯದ ನೆಲಮಾಳಿಗೆಯಲ್ಲಿದೆ. ನೂರು ವರ್ಷಗಳ ತರುವಾಯ ಹೊಸ ಕಟ್ಟಡವು ಎದ್ದು, 1019ನೆಯ ಇಸವಿ ಅಕ್ಟೋಬರ್ 11ರಲ್ಲಿ ಚಕ್ರವರ್ತಿಯಾದ ಎರಡನೆಯ ಹೆನ್ರಿಯ ಸಮಕ್ಷಮದಲ್ಲಿ ಪ್ರತಿಷ್ಠಿಸಲ್ಪಟ್ಟಿತು. ಅವನು ಕಾಣಿಕೆಯಾಗಿ ಕೊಟ್ಟ ವಸ್ತುಗಳಲ್ಲಿ ಯಜ್ಞವೇದಿಯ ಮುಂದೆ ನಿಲ್ಲಿಸತಕ್ಕ ಒಂದು ಬಂಗಾರದ ಫಲಕವಿತ್ತು. ಮರದ ಹಲಗೆಗೆ ಬಂಗಾರದ ತಗಡನ್ನು ಹೊದಿಸಿ, ಅದರಲ್ಲಿ ಕ್ರಿಸ್ತನನ್ನೂ ಮೂವರು ಪ್ರಧಾನ ದೂತರನ್ನೂ ಸಂತ ಬೆನೆಡಿಕ್ಟನನ್ನೂ ಉಬ್ಬುಚಿತ್ರವಾಗಿ ಎಬ್ಬಿಸಿದ್ದಾರೆ. ಎತ್ತರ ನಾಲ್ಕಡಿ, ಅಗಲ ಆರಡಿಗೆ ಸ್ವಲ್ಪ ಕಡಿಮೆ. ಕ್ರಿಸ್ತನ ಪಾದಗಳ ಬಳಿಯಲ್ಲಿ ಇಬ್ಬರು ಅಡ್ಡಬಿದ್ದಿದ್ದಾರೆ, ಇಲಿಗಳಷ್ಟು ಚಿಕ್ಕವರು. ಅವರೇ ಆ ಚಕ್ರವರ್ತಿಯೂ ಅವನ ಪಟ್ಟದರಾಣಿ ಕುನಿಗುಂಡಳೂ. ಎರಡೂವರೆ ಶತಮಾನಗಳು ಕಳೆದ ಮೇಲೆ ದೇವಾಲಯದ ಪಡುವಣ ಬಾಗಿಲಿನಲ್ಲಿ ಅದೇ ದಂಪತಿಗಳ ಕಲ್ಲಿನ ಮೂರ್ತಿಗಳನ್ನು ನಿಲ್ಲಿಸಿದರು. ಅಲ್ಲಿ ಅವರು ಆಳೆತ್ತರವಾಗಿ ನಿಮಿರಿ ನಿಂತಿದ್ದಾರೆ. ದಾನ ಕೊಟ್ಟವರು ತಮ್ಮನ್ನು ಚಿಕ್ಕವರೆಂದು ಎಣಿಸಿಕೊಂಡರೂ ದಾನ ಪಡೆದವರು ಅವರನ್ನು ಹಾಗೆ ಇರಗೊಡಲಿಲ್ಲ. ಈ ಬಂಗಾರದ ಫಲಕದ ಸಂಗತಿಯನ್ನು ಮುಂದೆ ಇನ್ನೊಮ್ಮೆ ಹೇಳಬೇಕಾಗಿದೆ.

ಈಗ ನಾವು ಕಾಣುವ ಕಟ್ಟಡದ ಬಹುಭಾಗವು 12ನೆಯ ಶತಮಾನದ ಕೊನೆಯಲ್ಲಿಯೂ 13ನೆಯ ಶತಮಾನದ ಮೊದಲಿನಲ್ಲಿಯೂ ಕಟ್ಟಲ್ಪಟ್ಟದ್ದು. ಹೆನ್ರಿಯ ಕಾಲದ ದೇವಾಲಯದಲ್ಲಿ ಉಳಿದದ್ದು ಬಡಗಣ ಗೋಪುರದ ಬುಡ ಮಾತ್ರ. ಅದರ ಕಲ್ಲು ತಿಳಿಬಣ್ಣದ್ದು. ಮಿಕ್ಕ ಕಟ್ಟಡವೆಲ್ಲ ನೆರೆಯ ಕಣಿವೆಗಳಿಂದ ತಂದ ಕೆಂಪು ಮರಳುಗಲ್ಲಿನದು. ಆದ್ದರಿಂದ ಲೆಕ್ಕ ತಿಳಿಯದ ಮಗುವೂ ಹಳೆಯದು ಎಲ್ಲಿ ಮುಗಿದು ಹೊಸದು ಎಲ್ಲಿ ಆರಂಭವಾಯಿತೆಂದು ಬೊಟ್ಟುಮಾಡಿ ತೋರಿಸಬಹುದು. ಮರಳುಗಲ್ಲು ನಮ್ಮ ಬಾದಾಮಿ ಪಟ್ಟದಕಲ್ಲುಗಳ ಕಲ್ಲಿನ ಜಾತಿಯದೇ. ಉಳಿಗೆ ಸುಲಭವಾಗಿ ಒಗ್ಗುತ್ತದೆ, ಆದರೆ ಮಳೆಗೂ ಹಿಮಕ್ಕೂ ಬೇಗನೆ ಸವೆಯುತ್ತದೆ.

ಬಡಗಣ ಗೋಡೆಯಲ್ಲಿ ಸಂತ ಗಾಲನ ಹೆಸರಿನ ಒಂದು ಬಾಗಿಲಿದೆ. ಜರ್ಮನ್ ಭಾಷೆಯ ನಾಡುಗಳಲ್ಲಿ ಮೂರ್ತಿಗಳಿಂದ ಅಲಂಕೃತವಾದ ಬಾಗಿಲುಗಳೊಳಗೆ ಇದು ಅತಿ ಪುರಾತನವಾದವುಗಳಲ್ಲಿ ಒಂದೆಂದು ತಿಳಿದವರು ಎಣಿಸುತ್ತಾರೆ. ಓದುಬಾರದ ಜನರಿಗೆ ಅದೇ ಸತ್ಯವೇದ. ಎರಡು ಪಕ್ಕಗಳಲ್ಲಿ ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ಬತ್ತಲೆಯವನಿಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯಲ್ಲಿದ್ದವನಿಗೆ ದರ್ಶನ ಎಂಬ ಆರು ದಯಾಕಾರ್ಯಗಳನ್ನು ಚಿಕ್ಕ ಗೂಡುಗಳಲ್ಲಿ ಕೆತ್ತಿದ್ದಾರೆ. ಮೇಲ್ಗಡೆ ದೂತರು ತುತೂರಿ ಊದುತ್ತಿದ್ದಾರೆ. ಸತ್ತವರು ಎದ್ದು ಅವಸರ ಅವಸರವಾಗಿ ಬಟ್ಟೆ ತೊಟ್ಟುಕೊಳ್ಳುತ್ತಿದ್ದಾರೆ. ನ್ಯಾಯಾಸನದ ಮುಂದೆ ಮರ್ಯಾದೆಯಿಂದ ನಿಲ್ಲಬೇಕೆಂಬ ಆ ಶಿಲ್ಪಿಯ ಯೋಚನೆಯು ನನಗೆ ಬಹಳ ಹಿಡಿಸಿದೆ. ನಡುವೆ ಕ್ರಿಸ್ತನು ಕುಳಿತಿದ್ದಾನೆ. ಅವನ ಕೆಳಗೆ, ಬಾಗಿಲಿನ ಮೇಲಣ ಅಡ್ಡಗಲ್ಲಿನಲ್ಲಿ, ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ಹತ್ತು ಮಂದಿ ಕನ್ಯೆಯರು ಇದ್ದಾರೆ. ದೀಪವುಳ್ಳ ಐವರನ್ನು ಕರ್ತನು ಒಳಗೆ ಕರಕೊಳ್ಳುತ್ತಾನೆ. ಎಣ್ಣೆಯಿಲ್ಲದ ಐವರ ಎದುರಿಗೆ ಕದವು ಮುಚ್ಚಿದೆ. ಇದೇ ಬಾಗಿಲಿನ ಮೇಲೆ ಎತ್ತರದಲ್ಲಿ ಚಕ್ರಾಕಾರದ ದೊಡ್ಡ ಕಿಟಕಿಯಿದ್ದು, ಅದರ ಅಂಚಿನಲ್ಲಿ ಮನುಷ್ಯರು ಒಂದು ಕಡೆ ಹತ್ತುತ್ತಲೂ ಇನ್ನೊಂದು ಕಡೆ ತಲೆಕೆಳಗಾಗಿ ಬೀಳುತ್ತಲೂ ಇದ್ದಾರೆ. ಭಾಗ್ಯದ ರಾಟೆಯು ಯಾರಿಗೂ ನಿಲ್ಲುವದಿಲ್ಲವೆಂದು ಅದರ ಅಭಿಪ್ರಾಯ.

ಆ ಸಾಮ್ಯದ ಎರಡನೆಯ ಚಿತ್ರಣವು ಪಡುವಣ ಬಾಗಿಲಿನಲ್ಲಿದೆ. ಸುಮಾರು ನೂರು ವರ್ಷ ಈಚಿನದು. ಇಲ್ಲಿ ಹತ್ತು ಮಂದಿಯಿಲ್ಲ. ಬುದ್ಧಿಯಿಲ್ಲದ ಒಬ್ಬ ಕನ್ಯೆಯೂ ಅವಳ ಪಕ್ಕದಲ್ಲಿ ಒಬ್ಬ ತರುಣನೂ ನಿಂತಿದ್ದಾರೆ. ಅವನು ಒಳ್ಳೇ ಉಡುಪನ್ನು ತೊಟ್ಟು ಮುಗುಳುನಗೆ ನಗುತ್ತಿದ್ದಾನೆ. ಅವಳೂ ನಗುತ್ತಿದ್ದಾಳೆ. ಆದರೆ ಪಕ್ಕಕ್ಕೆ ಸರಿದು ಅವನ ಬೆನ್ನನ್ನು ನೋಡಿದರೆ ಅದರ ಮೇಲೆಲ್ಲ ಕಪ್ಪೆಗಳೂ ಹಾವುಗಳೂ ಹರಿದಾಡುತ್ತಿವೆ. ಅವನೇ ಮರುಳುಗೊಳಿಸುವವನು, ಈ ಲೋಕದ ಅಧಿಪತಿ. ನಾನು ಈ ಚಿತ್ರವನ್ನು ಮೇಲಣ ತರಗತಿಯ ಹುಡುಗಿಯರಿಗೆ ತೋರಿಸಿದಾಗ ಒಬ್ಬಳು, “ಅಮ್ಮಾ, ಅವಳು ಅವನ ಎದುರಿಗೆ ನಿಂತಿದ್ದಾಳೆ, ಅವನ ಬೆನ್ನನ್ನು ನೋಡುವದು ಹೇಗೆ? ಹಾಗಾದರೆ ಬುದ್ಧಿಯಿಲ್ಲದವಳೆಂದು ಅವಳನ್ನು ಯಾಕೆ ಅನ್ನಬೇಕು?” ಎಂದು ಕೇಳಿದಳು. ಉಪಾಧ್ಯಾಯಿನಿಯಾಗಿ ನಾನು ತಟ್ಟನೆ ಕೊಡಬೇಕಾಗಿದ್ದ ಉತ್ತರವು ನನ್ನ ನಾಲಿಗೆಯ ಮೇಲಿತ್ತು, ಆದರೆ ಕೊಡಲಿಲ್ಲ. ಬೀದಿಯಲ್ಲಿ ನಿಂತ ನಮಗೆ ಕಾಣುವದು ಅವಳಿಗೆ ಕಾಣದು. ಶಿಲ್ಪಿಯು ಅದನ್ನು ತಿಳಿದೇ ಕೆತ್ತಿದ್ದಾನೆ. ಅವಳ ಪಕ್ಕಕ್ಕೆ ಹೋಗಿ ಹೇಳುವವರು ಯಾರಾದರೂ ಇದ್ದರೋ ಇಲ್ಲವೋ ಎಂಬದನ್ನು ಕಲ್ಲು ಹೇಳುವದಿಲ್ಲ.

ಇನ್ನು ಒಳಗೆ ಹೋಗೋಣ. ಯೂರೋಪಿನ ಪುರಾತನ ದೇವಾಲಯಗಳನ್ನು ಓದುವದಕ್ಕೆ ಒಂದು ಸುಲಭವಾದ ಅಕ್ಷರಮಾಲೆಯುಂಟು: ಕಮಾನುಗಳನ್ನು ನೋಡಬೇಕು. ಅರ್ಧಚಂದ್ರದಂತೆ ದುಂಡಾದ ಕಮಾನು ಹಳೆಯ ರೋಮನೆಸ್ಕ್ ಪದ್ಧತಿಯದು. ಎರಡು ಕೈಗಳನ್ನು ಜೋಡಿಸಿದಂತೆ ಮೇಲೆ ಮೊನಚಾದ ಕಮಾನು ಗೋಥಿಕ್ ಪದ್ಧತಿಯದು. ದುಂಡು ಕಮಾನು ತನ್ನ ಮೇಲಿನ ಭಾರವನ್ನು ಹೆಚ್ಚಾಗಿ ಎರಡು ಪಕ್ಕಗಳಿಗೆ ತಳ್ಳುತ್ತದೆ. ಆ ತಳ್ಳಾಟವನ್ನು ತಡೆಯುವದಕ್ಕೆ ದಪ್ಪ ಗೋಡೆ ಬೇಕು, ದಪ್ಪ ಗೋಡೆಯಲ್ಲಿ ದೊಡ್ಡ ಕಿಟಕಿ ತೆಗೆಯಲಾಗದು. ಮೊನಚು ಕಮಾನು ಭಾರವನ್ನು ಹೆಚ್ಚಾಗಿ ಕೆಳಕ್ಕೆ ಇಳಿಸುವದರಿಂದ ಗೋಡೆಯನ್ನು ತೆಳ್ಳಗೆ ಮಾಡಬಹುದು, ಬೆಳಕನ್ನು ಒಳಗೆ ಬಿಡಬಹುದು. ಬಾಸೆಲ್ ದೇವಾಲಯವು ಈ ಎರಡು ಕಾಲಗಳ ಹೊಸ್ತಿಲ ಮೇಲೆ ನಿಂತಿದೆ. ಜನರು ಕೂಡುವ ಸಾಲೆಯಲ್ಲಿ ಕೆಳಗಿನ ದೊಡ್ಡ ಕಮಾನುಗಳು ಮೊನಚಾಗಿವೆ. ಅವುಗಳ ಮೇಲಿನ ಉಪ್ಪರಿಗೆಯ ತೆರಪುಗಳಲ್ಲಿ ಮೂರು ಮೂರಾಗಿ ಚಿಕ್ಕ ದುಂಡು ಕಮಾನುಗಳಿವೆ. ಹೊಸದು ಕೆಳಗೂ ಹಳೆಯದು ಮೇಲೂ ಇರುವದು ವಿಚಿತ್ರವಾಗಿ ತೋರಬಹುದು. ಆದರೆ ಎರಡನ್ನೂ ಬಲ್ಲ ಕುಶಲಿಗಳು ಒಂದೇ ಕಾಲದಲ್ಲಿ ಕೂಡಿಸಿ ಕಟ್ಟಿದ್ದು.

ಮೂಡಣ ಭಾಗದಲ್ಲಿ ವೇದಿಯಿರುವ ಸ್ಥಳವು ಹಲವು ಮುಖಗಳಾಗಿ ಮಡಿಸಿದೆ. ಅದರ ಕೆಳಗೆ ನೆಲಮಾಳಿಗೆ, ಸುತ್ತಲೂ ಪ್ರದಕ್ಷಿಣೆಯ ಹಾದಿ. ಅಲ್ಲಿಯ ಕಂಬಗಳ ಬೋದಿಗೆಗಳಲ್ಲಿ ಅಬ್ರಹಾಮನು ಇಸಾಕನನ್ನು ಬಲಿಕೊಡಲು ಕತ್ತಿಯೆತ್ತುವದನ್ನು ಕೆತ್ತಿದ ಕೈಯೇ, ಗರುಡಸಿಂಹಗಳನ್ನು ಕಟ್ಟಿಕೊಂಡು ಆಕಾಶಕ್ಕೆ ಹಾರಿದ ಅಲೆಕ್ಸಾಂಡರನ ಕತೆಯನ್ನೂ ಪಿರಾಮಸ್ ತಿಸ್ಬೆಯರ ದುಃಖದ ಪ್ರೇಮಕತೆಯನ್ನೂ ಕೆತ್ತಿದೆ. ದೇವರ ವೇದಿಯ ಬಳಿಯಲ್ಲಿ ಅನ್ಯಜನರ ಕತೆಗಳೇಕೆಂದು ಆಗಿನ ಸಭೆಯವರು ಕೇಳಿದಂತೆ ಕಾಣುವದಿಲ್ಲ. ಹೊರಗಡೆ, ನದಿಯ ಮೇಲಣ ಜಗಲಿಯಿಂದ ನೋಡಿದರೆ, ವೇದಿಯ ಕಿಟಕಿಯ ಪಕ್ಕದ ಕಂಬಗಳನ್ನು ಆನೆಗಳು ಹೊತ್ತಿವೆ! ನಮ್ಮ ಹಳೇಬೀಡು ಬೇಲೂರುಗಳಲ್ಲಿ ಆನೆಗಳ ಸಾಲನ್ನು ಕೆತ್ತಿದವರು ಆನೆಯನ್ನು ದಿನಾಲು ಕಂಡವರು; ಅವರೂ ಈ ರೈನ್ ತೀರದ ಶಿಲ್ಪಿಯೂ ಹೆಚ್ಚುಕಡಿಮೆ ಸಮಕಾಲದವರು. ಇವನು ಆನೆಯ ಸುದ್ದಿಯನ್ನು ಮಾತ್ರ ಕೇಳಿದವನೆಂದು ಅವನ ಕೆಲಸವೇ ಸಾರುತ್ತದೆ. ಸೊಂಡಿಲೇನೋ ಉಂಟು, ಉಳಿದದ್ದೆಲ್ಲ ಊಹೆ. ನಮ್ಮ ಹುಡುಗಿಯರು ಆ ಚಿತ್ರವನ್ನು ನೋಡಿ ನಕ್ಕರು. ಹಿಮವನ್ನು ಕಾಣದೆ ಹಿಮದ ವಿಷಯದಲ್ಲಿ ಪ್ರಬಂಧ ಬರೆಯುವ ನಾವು ಅಷ್ಟು ನಗಬಾರದೆಂದು ನಾನು ಹೇಳಬೇಕಾಯಿತು.

1356ನೆಯ ಇಸವಿ ಅಕ್ಟೋಬರ್ 18, ಸಂತ ಲೂಕನ ಹಬ್ಬದ ದಿನ. ಆ ಸಂಜೆ ಭೂಮಿಯು ನಡುಗಿತು. ರಾತ್ರಿಯಲ್ಲಿ ಮತ್ತೆ ಭಯಂಕರವಾಗಿ ನಡುಗಿತು. ಆಲ್ಪ್ಸ್ ಪರ್ವತಗಳ ಬಡಗಣ ಭಾಗದಲ್ಲಿ ಚರಿತ್ರೆಗೆ ತಿಳಿದ ಭೂಕಂಪಗಳಲ್ಲಿ ಅದಕ್ಕಿಂತ ದೊಡ್ಡದು ಇಲ್ಲ. ಮನೆಗಳು ಉರುಳಿದವು, ಒಲೆಯ ಬೆಂಕಿ ಮರದ ತೊಲೆಗಳಿಗೆ ಹತ್ತಿ ಪಟ್ಟಣವು ಉರಿಯಿತು, ದೇವಾಲಯದ ಗೋಪುರಗಳೂ ಮೇಲ್ಛಾವಣಿಯ ಕಮಾನುಗಳೂ ಬಿದ್ದವು. ಪಟ್ಟಣದವರು ತಮ್ಮ ಮನೆಗಳನ್ನು ಕಟ್ಟಿಕೊಳ್ಳುವದರ ಜೊತೆಗೆ ದೇವಾಲಯಕ್ಕೂ ಕೈಹಾಕಿದರು. ಪಾರ್ಲರ್ ಎಂಬ ಹೆಸರಾದ ಕಟ್ಟಡಗಾರರ ಮನೆತನದ ಯೋಹಾನ್ ಎಂಬವನು ಕರೆಸಲ್ಪಟ್ಟನು. 1363ರಲ್ಲಿ, ಅಂದರೆ ಏಳೇ ವರ್ಷಗಳೊಳಗೆ, ಪ್ರಧಾನ ವೇದಿಯು ತಿರುಗಿ ಪ್ರತಿಷ್ಠಿತವಾಯಿತು. ಅವನು ಮಾಡಿದ ಒಂದು ಕೆಲಸವನ್ನು ನಾನು ಎಷ್ಟು ಸಾರಿ ನೋಡಿದರೂ ತೃಪ್ತಿಯಿಲ್ಲ. ಬೀಳದೆ ಉಳಿದ ಕೆಳಗಣ ಗೋಡೆಯನ್ನು ಕೆಡವಿಹಾಕಲಿಲ್ಲ, ಹಳೆಯ ಮಾದರಿಯಂತೆಯೇ ಮೇಲಿನದನ್ನು ಕಟ್ಟಿ ಗುರುತನ್ನು ಅಳಿಸಲೂ ಇಲ್ಲ. ಹಳೆಯ ದುಂಡು ಕಮಾನುಗಳ ದಪ್ಪ ಗೋಡೆಯ ಮೇಲೆ ತನ್ನ ಕಾಲದ ಎತ್ತರವಾದ ಮೊನಚು ಕಿಟಕಿಗಳನ್ನು ಎಬ್ಬಿಸಿದನು. ಕೆಳಗೆ ಕತ್ತಲೆ, ಮೇಲೆ ಬೆಳಕು. ನಡುವೆ ಗೆರೆ ಎಳೆದಂತೆ ಭೂಕಂಪ. ಗೋಪುರಗಳ ಕೆಲಸ ಮಾತ್ರ ನಿಧಾನವಾಯಿತು. ಬಡಗಣ ದಿಕ್ಕಿನ ಸಂತ ಜಾರ್ಜನ ಗೋಪುರವು 1429ರಲ್ಲಿ ಮುಗಿಯಿತು. ತೆಂಕಣದ ಸಂತ ಮಾರ್ಟಿನನ ಗೋಪುರವನ್ನು ಹಾನ್ಸ್ ಫೊನ್ ನುಸ್‌ಡೊರ್ಫನು 1500ರಲ್ಲಿ ಮುಗಿಸಿದನು. ಮೊದಲನೆಯದು ಸುಮಾರು 220 ಅಡಿ ಎತ್ತರ, ಎರಡನೆಯದು ಅದಕ್ಕಿಂತ ಐದಾರಡಿ ಗಿಡ್ಡ. ನಮ್ಮ ಊಟದ ಮನೆಯ ಚಿತ್ರದಲ್ಲಿ ಅದು ಚಿತ್ರಗಾರನ ತಪ್ಪೆಂದು ನಾವು ತಿಳಿದಿದ್ದೆವು.

ಆ ಎರಡು ಗೋಪುರಗಳ ನಡುವಣ ಕಾಲದಲ್ಲಿ ಈ ದೇವಾಲಯವು ಯೂರೋಪಿನ ಕಣ್ಣಿಗೆ ಬಿತ್ತು. 1431ರಲ್ಲಿ ಸಭೆಯ ಸುಧಾರಣೆಗಾಗಿ ಒಂದು ಮಹಾಸಭೆಯು ಇಲ್ಲಿ ಕೂಡಿತು. ಹದಿನೇಳು ವರ್ಷ ಇಲ್ಲಿಯೇ ನಡೆಯಿತು. ಪೋಪನಿಗಿಂತ ಮಹಾಸಭೆಯೇ ದೊಡ್ಡದೆಂದು ಅದು ವಾದಿಸಿ, 1439ರಲ್ಲಿ ಪ್ರತಿಯಾಗಿ ಇನ್ನೊಬ್ಬ ಪೋಪನನ್ನೇ ಆರಿಸಿತು. ಆ ಕಲಹವೆಲ್ಲ ಈಗ ಪಂಡಿತರ ಮಾತು. ಪಟ್ಟಣಕ್ಕೆ ಉಳಿದ ಲಾಭವು ಬೇರೆ. ಮಹಾಸಭೆಯಲ್ಲಿ ಬರಹಗಾರನಾಗಿದ್ದ ಒಬ್ಬ ಇಟಲಿಯವನು ಮುಂದೆ ಎರಡನೆಯ ಪೀಯುಸ್ ಎಂಬ ಪೋಪನಾಗಿ, ಬಾಸೆಲಿನವರ ವಿನಂತಿಯ ಮೇರೆಗೆ ವಿಶ್ವವಿದ್ಯಾಲಯಕ್ಕೆ ಅಪ್ಪಣೆ ಕೊಟ್ಟನು. 1460ನೆಯ ಏಪ್ರಿಲ್ 4ರಲ್ಲಿ ಅದು ಇದೇ ದೇವಾಲಯದಲ್ಲಿ ಆರಂಭಿಸಲ್ಪಟ್ಟಿತು. ಅದರಲ್ಲಿ ಮೊದಲನೆಯ ವಿದ್ಯಾರ್ಥಿನಿಯಾಗಿ ಎಮಿಲೀ ಫ್ರೈ ಎಂಬವಳು ಸೇರಿದ್ದು 1890ರಲ್ಲಿ. ನಡುವೆ 430 ವರ್ಷಗಳು ಕಳೆದವು. ಇಷ್ಟು ತಡವೇಕಾಯಿತೆಂದು ನಮ್ಮ ಹುಡುಗಿಯರು ಕೇಳಿದರೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಆ ವೇಳೆಗೆ ಬಾಸೆಲ್ ಮಿಶನಿನವರು ನಮ್ಮ ಕನ್ನಡ ನಾಡಿನಲ್ಲಿ ಹೆಣ್ಣುಮಕ್ಕಳ ಕೈಗೆ ಓಲೆ ಪುಸ್ತಕಗಳನ್ನು ಕೊಟ್ಟು ಎಷ್ಟೋ ವರ್ಷಗಳಾಗಿದ್ದವು.

ಇನ್ನು ಸುಧಾರಣೆಯ ಕಾಲಕ್ಕೆ ಬರೋಣ. ಬಾಸೆಲಿನ ಸುಧಾರಕನ ಹೆಸರು ಎಕೊಲಂಪಾದಿಯಸ್. ಮನೆಯ ದೀಪವೆಂಬರ್ಥದ ಜರ್ಮನ್ ಮನೆತನದ ಹೆಸರನ್ನು ಆಗಿನ ವಿದ್ವಾಂಸರ ವಾಡಿಕೆಯಂತೆ ಗ್ರೀಕ್ ಮಾಡಿಕೊಂಡದ್ದು. ನಾವು ಮನೆದೀಪಯ್ಯನೆಂದು ಕರೆಯಬಹುದಾಗಿತ್ತು. ಅವನು ಸೌಮ್ಯ ಸ್ವಭಾವದವನು. ಆದರೆ 1529ರ ಫೆಬ್ರವರಿ 9ರಲ್ಲಿ ನಡೆದ ಕೆಲಸವು ಸೌಮ್ಯವಾಗಿರಲಿಲ್ಲ. ಸಿಟ್ಟಿಗೆದ್ದ ಪಟ್ಟಣಿಗರ ಗುಂಪು ದೇವಾಲಯಕ್ಕೆ ನುಗ್ಗಿ ವಿಗ್ರಹಗಳನ್ನೂ ವೇದಿಗಳನ್ನೂ ಒಡೆದುಹಾಕಿತು. ಮರದ ಮೂರ್ತಿಗಳನ್ನು ಸುಟ್ಟುಬಿಟ್ಟರು. ಬಿಷಪನು ಅದಕ್ಕೆ ಮುಂಚೆಯೇ ಪಟ್ಟಣವನ್ನು ಬಿಟ್ಟಿದ್ದನು. ಅಂದಿನಿಂದ ಮ್ಯುನ್‌ಸ್ಟರ್ ಪ್ರಾಟೆಸ್ಟಂಟ್ ಸಭೆಯ ದೇವಾಲಯವಾಯಿತು. 1486ರಲ್ಲಿ ಒಂದೇ ಕಲ್ಲಿನಿಂದ ಕಡೆದು ಹೂಬಳ್ಳಿಗಳಿಂದ ಶೃಂಗರಿಸಿದ ಉಪದೇಶಪೀಠವು ಮಾತ್ರ ಇದ್ದಲ್ಲಿಯೇ ಇದ್ದು, ಹೊಸ ಉಪದೇಶಕ್ಕೂ ಪೀಠವಾಯಿತು.

ನಾನು ಪ್ರಾಟೆಸ್ಟಂಟ್ ಮನೆಯಲ್ಲಿ ಹುಟ್ಟಿ ಬೆಳೆದವಳು. ಸುಧಾರಣೆಯ ಉಪಕಾರವನ್ನು ಮರೆಯುವವಳಲ್ಲ. ಮೂರ್ತಿಗೆ ಕೈಮುಗಿಯಬೇಕೆಂದು ನಾನು ಹೇಳುವದಿಲ್ಲ. ಆದರೂ ಆ ದಿನದ ವೃತ್ತಾಂತವನ್ನು ಓದುವಾಗ ನನ್ನ ಮನಸ್ಸು ಒಪ್ಪುವದಿಲ್ಲ. ವರ್ಷಗಟ್ಟಲೆ ಬಗ್ಗಿ ಕೂತು ಕೆತ್ತಿದವನ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಪುಡಿಮಾಡುವದಕ್ಕೆ ಭಕ್ತಿಯ ಅವಶ್ಯಕತೆಯಿಲ್ಲ, ಸುತ್ತಿಗೆ ಸಾಕು. ಆ ಕಾಲದಲ್ಲಿ ಬಾಸೆಲಿನಲ್ಲಿದ್ದ ಮಹಾವಿದ್ವಾಂಸನಾದ ಎರಾಸ್ಮಸನು ತನ್ನ ಸ್ನೇಹಿತನಿಗೆ ಬರೆದ ಕಾಗದದಲ್ಲಿ, ಹಿಂದೆ ಅಲ್ಪ ಅಪರಾಧಗಳಿಗೂ ಅದ್ಭುತಗಳನ್ನು ತೋರಿಸುತ್ತಿದ್ದ ಸಂತರು ಈ ಸಾರಿ ಸುಮ್ಮನಿದ್ದದ್ದೇಕೆಂದು ಆಶ್ಚರ್ಯಪಟ್ಟಂತೆ ಪರಿಹಾಸ್ಯ ಮಾಡಿದ್ದಾನೆ. ಪರಿಹಾಸ್ಯ ಮಾಡಿದರೂ ಅವನು ಅಲ್ಲಿ ನಿಲ್ಲಲಿಲ್ಲ. ಅದೇ ವರ್ಷ ಪಟ್ಟಣವನ್ನು ಬಿಟ್ಟು ಹೋದನು. ಗಾಲನ ಬಾಗಿಲಿನ ಹತ್ತು ಕನ್ಯೆಯರು ಮಾತ್ರ ಆ ಸುತ್ತಿಗೆಗಳಿಗೆ ಸಿಕ್ಕದೆ ಉಳಿದರು.

ಎರಾಸ್ಮಸನಿಗೂ ನಮಗೂ ಸಂಬಂಧವಿದೆ. ಅವನು ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯನ್ನು ಪರಿಷ್ಕರಿಸಿ 1516ರಲ್ಲಿ ಬಾಸೆಲಿನ ಫ್ರೋಬೆನ್ ಎಂಬವನ ಮುದ್ರಾಲಯದಲ್ಲಿ ಅಚ್ಚುಹಾಕಿಸಿದನು. ಹೆಂಗಸರೂ ನೇಗಿಲು ಹಿಡಿದವನೂ ಮಗ್ಗದ ಮುಂದೆ ಕೂತವನೂ ಸುವಾರ್ತೆಯನ್ನು ತಮ್ಮ ತಮ್ಮ ಭಾಷೆಯಲ್ಲಿ ಓದುವಂತಾಗಲಿ ಎಂಬ ಆಸೆಯನ್ನು ಅದರ ಮುನ್ನುಡಿಯ ಬರಹವೊಂದರಲ್ಲಿ ತೋರಿಸಿದ್ದಾನೆ. ಕೊನೆಗೆ ಅವನು ಬಾಸೆಲಿಗೆ ಹಿಂದಿರುಗಿ 1536ರ ಜುಲೈಯಲ್ಲಿ ಅಲ್ಲಿಯೇ ತೀರಿಕೊಂಡನು. ಅವನು ಸಾಯುವ ತನಕ ರೋಮನ್ ಕಥೋಲಿಕ ಸಭೆಯವನೇ. ಆದರೂ ಪ್ರಾಟೆಸ್ಟಂಟರು ತಮ್ಮ ಪ್ರಧಾನ ದೇವಾಲಯದಲ್ಲಿ ಅವನನ್ನು ಮಾನದಿಂದ ಹೂಣಿಟ್ಟರು. ಲತೀನ್ ಬರಹದ ಕೆಂಪು ಕಲ್ಲಿನ ಹಲಗೆಯು ಇಂದಿಗೂ ಒಳಗೆ ಇದೆ. ಏಳು ವರ್ಷಗಳ ಹಿಂದೆ ಸುತ್ತಿಗೆ ಎತ್ತಿದ ಊರೇ ಹೀಗೆ ಮಾಡಿತು.

ದೇವಾಲಯದ ಸಮಾಧಿಗಳಲ್ಲಿ ಇನ್ನು ಮೂರನ್ನು ಹೇಳುತ್ತೇನೆ. ಒಂದು, ಹಾಬ್ಸ್‌ಬರ್ಗಿನ ದೊರೆ ರೂಡಾಲ್ಫನ ರಾಣಿಯಾದ ಅನ್ನಳದು, 1281ರಲ್ಲಿ ಸತ್ತಳು. ಶೈಶವದಲ್ಲಿಯೇ ತೀರಿಕೊಂಡ ತನ್ನ ಮಗ ಕಾರ್ಲನ ಬಳಿಯಲ್ಲಿ ಅವಳು ಹೂಣಲ್ಪಟ್ಟಳು; ಕಲ್ಲಿನ ಮುಚ್ಚಳದ ಮೇಲೆ ತಾಯಿಯೂ ಮಗುವೂ ಮಲಗಿದ್ದಾರೆ. 1770ರಲ್ಲಿ ಅವರ ಎಲುಬುಗಳನ್ನು ಕರಿಕಾಡಿನ ಒಂದು ಮಠಕ್ಕೆ ಸಾಗಿಸಿದರು. ಕಲ್ಲು ಮಾತ್ರ ಉಳಿದಿದೆ. ಎರಡನೆಯದು ತೆಂಕಣ ದಿಕ್ಕಿಗೆ ಅಂಟಿಕೊಂಡ ಕಮಾನುಸಾಲೆಯ ಅಂಗಳದಲ್ಲಿ. ಎಕೊಲಂಪಾದಿಯಸನು 1531ರಲ್ಲಿ ಅಲ್ಲಿ ಹೂಣಲ್ಪಟ್ಟನು. 33 ವರ್ಷಗಳ ಮೇಲೆ ಅವನ ಪಕ್ಕದಲ್ಲಿ ಅವನ ಹೆಂಡತಿ ವಿಬ್ರಾಂಡಿಸ್ ರೋಸೆನ್‌ಬ್ಲಾಟಳು. ಈ ಸ್ತ್ರೀಯ ಚರಿತ್ರೆಯನ್ನು ನಮ್ಮ ಪಾಠಪುಸ್ತಕಗಳು ಹೇಳುವದಿಲ್ಲ. ಅವಳು ಎಕೊಲಂಪಾದಿಯಸನನ್ನು ಮದುವೆಯಾಗುವದಕ್ಕೆ ಮುಂಚೆಯೇ ವಿಧವೆ. ಅವನು ಸತ್ತ ಮೇಲೆ ಸ್ಟ್ರಾಸ್‌ಬರ್ಗಿನ ಸುಧಾರಕ ಕಾಪಿಟೋವನ್ನೂ, ಅವನೂ ಸತ್ತ ಮೇಲೆ ಅವನ ಜೊತೆಗಾರನಾದ ಬ್ಯುಟ್ಸರನನ್ನೂ ಮದುವೆಯಾದಳು. ಬ್ಯುಟ್ಸರನ ಸಂಗಡ ಇಂಗ್ಲೆಂಡಿಗೂ ಹೋದಳು. ಅಲ್ಲಿ ಅವನೂ ತೀರಿಕೊಂಡನು. ಹೀಗೆ ನಾಲ್ವರು ಗಂಡಂದಿರನ್ನು ಮಣ್ಣಿಗೆ ಒಪ್ಪಿಸಿ, ಅವರ ಮಕ್ಕಳನ್ನು ಸಾಕಿ, ಓಡಿಬಂದ ಉಪದೇಶಕರಿಗೆ ಊಟವಿಟ್ಟು, ಕೊನೆಗೆ ಬಾಸೆಲಿಗೆ ಬಂದು 1564ರಲ್ಲಿ ಪ್ಲೇಗಿನಿಂದ ಸತ್ತಳು. ಎಕೊಲಂಪಾದಿಯಸನಿಂದ ಹುಟ್ಟಿದ ಮಕ್ಕಳ ಹೆಸರುಗಳು ಯೂಸೇಬಿಯಸ್, ಅಲೇಥೇಯಾ, ಐರೀನೆ. ಅಂದರೆ ಭಕ್ತಿ, ಸತ್ಯ, ಶಾಂತಿ. ನಮ್ಮ ಹಾಜರಿ ಪಟ್ಟಿಯಲ್ಲಿ ಅವೇ ಹೆಸರುಗಳಿವೆ. ಸುಧಾರಣೆಯ ಗ್ರಂಥಗಳನ್ನು ಬರೆದವರು ಮೂವರು ಪಂಡಿತರಾದರೆ, ಆ ಮೂವರ ಮನೆಯ ದೀಪವನ್ನು ಆರದಂತೆ ಇಟ್ಟವಳು ಒಬ್ಬಳೇ.

ಮೂರನೆಯದು ಗಣಿತವೆಂದರೆ ಹೆದರುವವರಿಗಾಗಿ. 1705ರಲ್ಲಿ ತೀರಿಕೊಂಡ ಗಣಿತಶಾಸ್ತ್ರಜ್ಞ ಯಾಕೋಬ್ ಬೆರ್ನೂಲಿಯು ಒಂದು ಬಗೆಯ ಸುರುಳಿಗೆರೆಯ ಮೇಲೆ ಬಹಳ ಪ್ರೀತಿಯಿಟ್ಟಿದ್ದನು. ಶಂಖದಲ್ಲಿರುವಂತೆ ಅದು ಸುತ್ತು ಸುತ್ತಿಗೂ ಅಗಲವಾಗುತ್ತ ಹೋದರೂ ಅದರ ಆಕಾರವು ಬದಲಾಗುವದಿಲ್ಲ. ಅದನ್ನು ಪುನರುತ್ಥಾನದ ಗುರುತಾಗಿ ತನ್ನ ಸಮಾಧಿಯ ಮೇಲೆ ಕೆತ್ತಬೇಕೆಂದು ಅವನು ಬಯಸಿದನು. ಕೆತ್ತಿದವನಿಗೆ ಲೆಕ್ಕ ಬರುತ್ತಿರಲಿಲ್ಲ. ಹಗ್ಗವನ್ನು ಸುತ್ತಿಟ್ಟಂತೆ ಸಮಾನ ಅಂತರದ ಬೇರೊಂದು ಸುರುಳಿಯನ್ನು ಕೆತ್ತಿಬಿಟ್ಟನು. ಕಮಾನುಸಾಲೆಯಲ್ಲಿ ಆ ತಪ್ಪು ಇಂದಿಗೂ ಇದೆ. ಅಂದ ಹಾಗೆ, 1798ರ ತನಕ ಬಾಸೆಲಿನ ಗಡಿಯಾರಗಳು ಸುತ್ತಲಿನ ಊರುಗಳಿಗಿಂತ ಒಂದು ತಾಸು ಮುಂದಿದ್ದವು. ಅದಕ್ಕೆ ಹೇಳುವ ಕಾರಣಗಳು ಹತ್ತು ಬಗೆ.

ಬಂಗಾರದ ಫಲಕವೇನಾಯಿತು? 1529ರ ಗಲಭೆಯಲ್ಲಿ ದೇವಾಲಯದ ಚಿನ್ನ ಬೆಳ್ಳಿಗಳಿಗೆ ಕೇಡಾಗಲಿಲ್ಲ. ಪಟ್ಟಣದವರು ಅವನ್ನು ಕರಗಿಸದೆ ಮುನ್ನೂರು ವರ್ಷ ಕೋಣೆಯಲ್ಲಿ ಬೀಗಹಾಕಿ ಇಟ್ಟರು. 1833ರಲ್ಲಿ ಪಟ್ಟಣಕ್ಕೂ ಅದರ ಸುತ್ತಲಿನ ಹಳ್ಳಿಗಳಿಗೂ ಯುದ್ಧವಾಗಿ ಒಂದು ಪ್ರಾಂತವು ಎರಡಾಯಿತು. ಅಣ್ಣತಮ್ಮಂದಿರ ಪಾಲಿನಂತೆ ದೇವಾಲಯದ ನಿಧಿಯನ್ನೂ ಹಂಚಿದರು: ಮೂರರಲ್ಲಿ ಎರಡು ಪಾಲು ಹಳ್ಳಿಗಳಿಗೆ, ಒಂದು ಪಾಲು ಪಟ್ಟಣಕ್ಕೆ. ಹಳ್ಳಿಗಳವರಿಗೆ ಹಣದ ಅವಶ್ಯಕತೆಯಿತ್ತು. 1836ರಲ್ಲಿ ಲೀಸ್ತಾಲ್ ಎಂಬ ಊರಿನಲ್ಲಿ ತಮ್ಮ ಪಾಲನ್ನು ಲಿಲಾವು ಮಾಡಿಬಿಟ್ಟರು. ಚಕ್ರವರ್ತಿಯ ಫಲಕವು ಕೈಯಿಂದ ಕೈಗೆ ಹೋಗಿ, ಈಗ ಪ್ಯಾರಿಸ್ ಪಟ್ಟಣದ ಕ್ಲ್ಯೂನೀ ವಸ್ತುಸಂಗ್ರಹಾಲಯದಲ್ಲಿದೆ. ಸುತ್ತಿಗೆಯಿಂದ ಉಳಿದದ್ದು ಲೆಕ್ಕದ ಪುಸ್ತಕದಿಂದ ಉಳಿಯಲಿಲ್ಲ.

ಆ ವರ್ಷಗಳನ್ನು ನಮ್ಮ ಹುಡುಗಿಯರು ಗುರುತಿಸಬೇಕು. ಬಾಸೆಲ್ ಮಿಶನ್ ಎಂಬ ಸಂಘವು 1815ರಲ್ಲಿ ಆ ಪಟ್ಟಣದಲ್ಲಿ ಸ್ಥಾಪಿತವಾಗಿತ್ತು. ಪಟ್ಟಣಕ್ಕೂ ಹಳ್ಳಿಗಳಿಗೂ ಯುದ್ಧವಾದ ಮರುವರ್ಷ, 1834ರ ಅಕ್ಟೋಬರದಲ್ಲಿ, ನಮ್ಮ ನಾಡಿಗೆ ಅದು ಕಳುಹಿಸಿದ ಮೊದಲನೆಯ ಮಿಶನರಿಗಳಾದ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಬಂದಿಳಿದರು. ನಿಧಿಯು ಲಿಲಾವಾದ 1836ರಲ್ಲಿಯೇ ಮೋಗ್ಲಿಂಗ್ ಪಂಡಿತರು ಬಂದರು. ಅವರು 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆ. ಕಿಟ್ಟೆಲರ ಶಬ್ದಕೋಶವು 1894ರಲ್ಲಿ ಹೊರಬಂದಿತು. ಇವರಲ್ಲಿ ಹಲವರು ಹುಟ್ಟಿನಿಂದ ಬಾಸೆಲಿನವರಲ್ಲ, ಜರ್ಮನಿಯವರು. ತರಬೇತಿಗಾಗಿ ಬಾಸೆಲಿಗೆ ಬಂದವರು. ಮ್ಯುನ್‌ಸ್ಟರ್ ದೇವಾಲಯವು ಮಿಶನಿನ ಸ್ವತ್ತೂ ಅಲ್ಲ. ಆದರೆ ಆ ಎರಡು ಗೋಪುರಗಳು ಊರಿನ ಎಲ್ಲೆಡೆಗೂ ಕಾಣುವಂಥವು. ಹೊರಡುವ ಮುಂಚೆ ಅವನ್ನು ನೋಡದೆ ಹೊರಟವನು ಒಬ್ಬನೂ ಇರಲಾರನು. ಅವುಗಳ ನಡುವಣ ಕಡಿದಾದ ಛಾವಣಿಗೆ ಬಣ್ಣಬಣ್ಣದ ಮೆರಗಿನ ಹಂಚುಗಳನ್ನು ಚೌಕುಳಿಯಾಗಿ ಹೊದಿಸಿದ್ದಾರೆ. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿಯು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಾಗ ಆ ಛಾವಣಿಯ ನೆನಪು ಅವನಿಗೆ ಬಂದಿತ್ತೆಂದು ನಾನು ಸಾಧಿಸಲಾರೆನು. ಆದರೂ ನಮ್ಮ ಶಾಲೆಯ ಹಂಚಿನ ಕೆಳಗೆ ಕೂತು ಇದನ್ನು ಬರೆಯುವಾಗ ಹಾಗೆ ಎಣಿಸುವದು ನನಗೆ ಇಷ್ಟ.

ಮರಳುಗಲ್ಲು ಸವೆಯುವದೆಂದು ಹೇಳಿದೆನಷ್ಟೆ. 1880ರಿಂದ ಹತ್ತು ವರ್ಷ ದೊಡ್ಡ ಜೀರ್ಣೋದ್ಧಾರವು ನಡೆಯಿತು. ಮಳೆಗೆ ಕರಗುತ್ತಿದ್ದ ಹಲವು ಮೂರ್ತಿಗಳನ್ನು ಇಳಿಸಿ ನದಿಯ ಆಚೆಯ ದಡದ ಕ್ಲೀನೆಸ್ ಕ್ಲಿಂಗೆಂಟಾಲ್ ಎಂಬ ಸಂಗ್ರಹಾಲಯದಲ್ಲಿ ಇಟ್ಟು, ಅವುಗಳ ಸ್ಥಳದಲ್ಲಿ ಪ್ರತಿಗಳನ್ನು ನಿಲ್ಲಿಸಿದ್ದಾರೆ. ಅದರಿಂದಲೂ ಕೆಲಸ ಮುಗಿಯಲಿಲ್ಲ. ಈಗಲೂ ದೇವಾಲಯಕ್ಕೆಂದೇ ನೇಮಿಸಿದ ಕಲ್ಲುಕುಟಿಗರ ತಂಡವೊಂದಿದ್ದು, ಬುಡದಿಂದ ಶಿಖರದ ವರೆಗೆ ಕಲ್ಲು ಕಲ್ಲನ್ನೂ ತಟ್ಟಿ ನೋಡುತ್ತ, ಹಾಳಾದದ್ದನ್ನು ತೆಗೆದು ಅದೇ ಕೆಂಪು ಕಲ್ಲಿನ ಹೊಸ ತುಂಡನ್ನು ಕೂಡಿಸುತ್ತದೆ. ಒಂದು ಮೂಲೆಯಿಂದ ಹೊರಟು ಸುತ್ತಿ ಬರುವಷ್ಟರಲ್ಲಿ ಮೊದಲನೆಯ ಮೂಲೆಯ ಕೆಲಸವು ಮತ್ತೆ ಕಾದಿರುತ್ತದೆ.